ವಿದ್ಯಾದಾನಿ ಸರ್ ಪೊನ್ನಂಬಲಂ ರಾಮನಾಥನ್ನರು

ದಾನಗಳಲ್ಲಿ ಅನೇಕ ಬಗೆಗಳುಂಟು. ಅನ್ನವನ್ನು ಕೊಟ್ಟರೆ ಆ ಹೊತ್ತಿನ ಹಸಿವು ಹಿಂಗುವುದು; ವಸ್ತ್ರವನ್ನು ಕೊಟ್ಟರೆ ಅದು ಹರಿಯುವ ವರೆಗೆ ಮೈಯನ್ನು ಕಾಯುವುದು. ವಿದ್ಯೆಯಾದರೋ ದಾನಿಯ ಕೈಬಿಟ್ಟ ಮೇಲೆಯೇ ಬೆಳೆಯತೊಡಗುವುದು. ಒಮ್ಮೊಮ್ಮೆ ಅದು ದಾನಿಯು ಊಹಿಸದ ಎಡೆಗೂ, ಅಷ್ಟೇ ಏಕೆ, ಅವನು ಒಪ್ಪದ ಎಡೆಗೂ ತನ್ನ ಫಲವನ್ನು ಮುಟ್ಟಿಸುವುದು. ಈ ಮಾತಿಗೆ ಸಿಂಹಳದ್ವೀಪದ ತಮಿಳು ಶೈವರಲ್ಲಿ ಅಗ್ರಗಣ್ಯರಾಗಿದ್ದ ಸರ್ ಪೊನ್ನಂಬಲಂ ರಾಮನಾಥನ್ನರ ಜೀವಿತವು ಒಂದು ಪ್ರತ್ಯಕ್ಷ ನಿದರ್ಶನವಾಗಿದೆ. ಅವರು ಅರ್ಧಶತಮಾನ ಕಾಲ ರಾಜಕಾರಣದಲ್ಲಿದ್ದರು, ನ್ಯಾಯಸ್ಥಾನಗಳಲ್ಲಿ ಗೆದ್ದರು, ಅಧಿಕಾರವನ್ನೂ ಬಿರುದುಗಳನ್ನೂ ಪಡೆದರು. ಅವುಗಳಲ್ಲಿ ಹೆಚ್ಚಿನವು ಕಾಲಗರ್ಭವನ್ನು ಸೇರಿದವು. ಆದರೆ ತಮ್ಮ ಅರುವತ್ತನೆಯ ವಯಸ್ಸಿನ ಬಳಿಕ ಸ್ವಂತ ದ್ರವ್ಯದಿಂದ ಅವರು ಕಟ್ಟಿಸಿದ ಎರಡು ವಿದ್ಯಾಮಂದಿರಗಳ ಫಲವು ಇಂದಿಗೂ ಬತ್ತಿಲ್ಲ.

ರಾಮನಾಥನ್ನರ ಕಾರ್ಯದ ಬೆಲೆಯನ್ನು ಅರಿಯಬೇಕಾದರೆ ಅವರ ಪೂರ್ವಿಕರ ನಾಡಾದ ಯಾಳ್ಪಾಣದ ಸ್ಥಿತಿಯನ್ನು ಮೊದಲು ತಿಳಿಯುವುದವಶ್ಯ. ಸಿಂಹಳದ್ವೀಪದ ಉತ್ತರದ ತುದಿಯಲ್ಲಿರುವ ಈ ನಾಡನ್ನು ಆಂಗ್ಲರು ಜಾಫ್ನಾ ಎಂದು ಕರೆದರು. ಇಲ್ಲಿಯ ಜನರು ತಮಿಳರು, ಬಹುಭಾಗ ಶೈವರು. ದ್ವೀಪದ ಪೂರ್ವತೀರದ ಕೋಣೇಶ್ವರವನ್ನೂ ಪಶ್ಚಿಮತೀರದ ಕೇತೀಶ್ವರವನ್ನೂ ತಿರುಜ್ಞಾನಸಂಬಂಧರು ಸ್ತುತಿಸಿ ಹಾಡಿರುವರು. ಕೇತೀಶ್ವರವನ್ನು ಸುಂದರಮೂರ್ತಿಗಳೂ ಹಾಡಿರುವರು. ಈ ಸುಂದರಮೂರ್ತಿಗಳೇ ಕನ್ನಡ ನಾಡಿನ ಶಿವಭಕ್ತರಿಗೆ ನಂಬಿಯಣ್ಣನೆಂಬ ಹೆಸರಿನಿಂದ ಪರಿಚಿತರು. ಹರಿಹರ ಮಹಾಕವಿಯು ಅವರ ಚರಿತ್ರೆಯನ್ನು ರಗಳೆಯಾಗಿ ರಚಿಸಿರುವನು. ಅರವತ್ತುಮೂವರು ಪುರಾತನರ ಸ್ಮರಣೆಯು ಹೀಗೆ ಕಡಲಾಚೆಯ ಆ ನಾಡಿಗೂ ಕನ್ನಡ ನಾಡಿಗೂ ಸಮಾನವಾದ ಸೊತ್ತಾಗಿದೆ.

ಇಂತಹ ನಾಡು 1619ರಲ್ಲಿ ಪೋರ್ತುಗೀಜರ ಕೈಗೆ ಬಿದ್ದಿತು. ದೇವಾಲಯಗಳು ನೆಲಸಮವಾದವು. 1658ರಲ್ಲಿ ಡಚ್ಚರು ಬಂದರು. ಅವರ ಕಾಲದಲ್ಲಿ ಕ್ರೈಸ್ತಮತವನ್ನು ಹೊರಗಿನ ಆಚಾರದಲ್ಲಿಯಾದರೂ ಒಪ್ಪದವನಿಗೆ ಸರಕಾರದ ಅಧಿಕಾರವು ದೊರೆಯುವಂತಿರಲಿಲ್ಲ. ಆದಕಾರಣ ಅನೇಕ ಮನೆತನದವರು ಹೊರಗೆ ಒಂದು ಹೆಸರನ್ನೂ ಒಳಗೆ ಶಿವಪೂಜೆಯನ್ನೂ ಇಟ್ಟುಕೊಂಡು ಕಾಲ ಕಳೆದರು. 18ನೆಯ ಶತಮಾನದ ಕೊನೆಯಲ್ಲಿ ಆಂಗ್ಲರ ಆಳಿಕೆಯು ಬಂದ ಬಳಿಕ ಬಲಾತ್ಕಾರವು ನಿಂತಿತು; ಆದರೆ ಬೇರೊಂದು ಬಗೆಯ ಇಕ್ಕಟ್ಟು ಒದಗಿತು. 1816ರಲ್ಲಿ ಅಮೇರಿಕದ ಪಾದ್ರಿಗಳು ಯಾಳ್ಪಾಣಕ್ಕೆ ಬಂದರು. 1823ರಲ್ಲಿ ವಟ್ಟುಕ್ಕೋಟ್ಟೈಯಲ್ಲಿ ಉನ್ನತ ವಿದ್ಯಾಶಾಲೆಯನ್ನೂ, 1824ರಲ್ಲಿ ಉಡುವಿಲ್ ಗ್ರಾಮದಲ್ಲಿ ಬಾಲಿಕೆಯರ ವಸತಿಶಾಲೆಯನ್ನೂ ಸ್ಥಾಪಿಸಿದರು. ಅವರ ಶಾಲೆಗಳಲ್ಲಿ ಗಣಿತ, ಜ್ಯೋತಿಷ, ವೈದ್ಯ, ಆಂಗ್ಲಭಾಷೆಗಳ ಶಿಕ್ಷಣವು ನಿಜವಾಗಿಯೂ ಉತ್ತಮ ತರದ್ದಾಗಿತ್ತು. ಈ ಉಪಕಾರವನ್ನು ಮರೆಯುವುದು ಕೃತಘ್ನತೆಯಾದೀತು. ಆದರೆ ಶಾಲೆಯ ಬಾಗಿಲಲ್ಲಿ ಕಾಲಿಟ್ಟ ಮಗುವು ತನ್ನ ಹಣೆಯ ವಿಭೂತಿಯನ್ನು ಹೊರಗೆ ಒರೆಸಿಕೊಂಡು ಹೋಗಬೇಕಾಗುತ್ತಿತ್ತು. ವಿದ್ಯೆ ಬೇಕೆಂದರೆ ಹಿರಿಯರ ಧರ್ಮವನ್ನು ಬಿಡಬೇಕು, ಧರ್ಮ ಬೇಕೆಂದರೆ ವಿದ್ಯೆಯನ್ನು ಬಿಡಬೇಕು ಎಂಬ ಸಂಕಟವು ತಾಯ್ತಂದೆಗಳನ್ನು ಬಾಧಿಸುತ್ತಿತ್ತು. ಇದಕ್ಕೆ ಮೊದಲು ಉತ್ತರ ಕೊಟ್ಟವರು ಆರುಮುಗ ನಾವಲರು. ಅವರು 1848ರಲ್ಲಿ ವಣ್ಣಾರ್ಪಣ್ಣೆಯಲ್ಲಿ ಶೈವಪ್ರಕಾಶ ವಿದ್ಯಾಶಾಲೆಯನ್ನು ತೆರೆದು, ಪಾಠಪುಸ್ತಕಗಳನ್ನು ತಾವೇ ಬರೆದು, ಮುದ್ರಣಾಲಯವನ್ನೂ ನಡೆಯಿಸಿದರು. ಬಾಲಕರ ಪ್ರಾಥಮಿಕ ಶಿಕ್ಷಣದ ಮಟ್ಟಿಗೆ ದಾರಿಯು ಹೀಗೆ ತೆರೆಯಿತು. ಬಾಲಿಕೆಯರ ಉನ್ನತ ಶಿಕ್ಷಣದ ಪ್ರಶ್ನೆಯು ಉಳಿದೇ ಇತ್ತು.

ರಾಮನಾಥನ್ನರು 1851ನೆಯ ಇಸವಿ ಏಪ್ರಿಲ್ 16ರಂದು ಕೊಲಂಬೋ ನಗರದಲ್ಲಿ ಜನಿಸಿದರು. ತಂದೆ ಪೊನ್ನಂಬಲ ಮುದಲಿಯಾರರು ಸರಕಾರದಲ್ಲಿ ಗೌರವದ ಪದವಿಯಲ್ಲಿದ್ದ ಶ್ರೀಮಂತ ಶಿವಭಕ್ತರು. ಯಾಳ್ಪಾಣದ ಮಾನಿಪ್ಪಾಯಿಯು ಈ ಮನೆತನದ ಮೂಲ ಊರು. ತಾಯಿ ಸೆಲ್ಲಾಚಿಯಮ್ಮನವರ ತಂದೆಯಾದ ಕುಮಾರಸ್ವಾಮಿಯವರು ಸಿಂಹಳದ ಶಾಸನಸಭೆಯಲ್ಲಿ ತಮಿಳರ ಮೊತ್ತಮೊದಲ ಸದಸ್ಯರಾಗಿದ್ದರು. ಸೋದರಮಾವ ಸರ್ ಮುತ್ತು ಕುಮಾರಸ್ವಾಮಿಯವರು ಲಂಡನ್ನಿನಲ್ಲಿ ನ್ಯಾಯಶಾಸ್ತ್ರವನ್ನೋದಿ ಕೀರ್ತಿವಂತರಾದವರು. ಶಿಲ್ಪಕಲಾಮರ್ಮಜ್ಞರೆಂದು ಲೋಕಪ್ರಸಿದ್ಧರಾದ ಆನಂದ ಕುಮಾರಸ್ವಾಮಿಯವರು ಇವರ ಪುತ್ರರು. ರಾಮನಾಥನ್ನರ ಅಣ್ಣ ಕುಮಾರಸ್ವಾಮಿಯವರೂ ತಮ್ಮ ಅರುಣಾಚಲಂ ಅವರೂ ಮುಂದೆ ಲೋಕಸೇವೆಯಲ್ಲಿ ಹೆಸರಾದರು. ಅರುಣಾಚಲಂ ಅವರು ಸ್ಪರ್ಧೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಸಿಂಹಳದ ಸಿವಿಲ್ ಸರ್ವಿಸನ್ನು ಸೇರಿದ ಪ್ರಥಮ ಸ್ವದೇಶೀಯರು. 1919ರಲ್ಲಿ ಸಿಲೋನ್ ನ್ಯಾಷನಲ್ ಕಾಂಗ್ರೆಸ್ಸಿನ ಪ್ರಥಮಾಧ್ಯಕ್ಷರೂ ಆದರು.

ಬಾಲಕ ರಾಮನಾಥನ್ನರು ಕೊಲಂಬೋ ಅಕಾಡೆಮಿಯಲ್ಲಿ ಓದಿ, ಆಮೇಲೆ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ವ್ಯಾಸಂಗ ಮಾಡಿದರು. ಹಿಂದಿರುಗಿದ ಬಳಿಕ ಸರ್ ರಿಚರ್ಡ್ ಮಾರ್ಗನ್ ಎಂಬ ಪ್ರಖ್ಯಾತ ನ್ಯಾಯಕೋವಿದರ ಕೈಕೆಳಗೆ ನ್ಯಾಯಶಾಸ್ತ್ರವನ್ನು ಅಭ್ಯಸಿಸಿ, ಪ್ರಾಪ್ತವಯಸ್ಕರಾಗುತ್ತಲೇ ವಕೀಲಿ ವೃತ್ತಿಯನ್ನು ಕೈಕೊಂಡರು. ವಾಕ್ಚಾತುರ್ಯ, ಧಾರಣಶಕ್ತಿ, ಅಂಜಿಕೆಯಿಲ್ಲದ ಮನಸ್ಸು ಈ ಮೂರೂ ಅವರಲ್ಲಿ ಕೂಡಿಕೊಂಡಿದ್ದುದರಿಂದ ಶೀಘ್ರವಾಗಿ ಅಗ್ರಪಂಕ್ತಿಗೆ ಬಂದರು. ಉಚ್ಚನ್ಯಾಯಾಲಯದ ಹಳೆಯ ತೀರ್ಪುಗಳನ್ನು ಶೋಧಿಸಿ ಅವರು ಸಂಪಾದಿಸಿದ ಸಂಪುಟಗಳು ಆ ದ್ವೀಪದ ವಕೀಲರಿಗೆ ಬಹುಕಾಲ ಆಧಾರಗ್ರಂಥಗಳಾಗಿದ್ದವು.

1879ರಲ್ಲಿ ಸರ್ ಮುತ್ತು ಕುಮಾರಸ್ವಾಮಿಯವರು ಕಾಲವಾದರು. ಶಾಸನಸಭೆಯಲ್ಲಿ ತಮಿಳರ ಪ್ರತಿನಿಧಿಯ ಸ್ಥಾನವು ತೆರವಾಯಿತು. ಆಗ್ಗೆ ಚುನಾವಣೆಯೆಂಬುದಿರಲಿಲ್ಲ, ಗವರ್ನರರು ತಮಗೆ ತಕ್ಕವರೆಂದು ತೋರಿದವರನ್ನು ನೇಮಿಸುತ್ತಿದ್ದರು. ಬ್ರಿಟೋ ಎಂಬ ಕ್ರೈಸ್ತ ವಕೀಲರ ಹೆಸರನ್ನು ಕೆಲವರು ಮುಂದೆ ತಂದರು. ಅಸ್ವಸ್ಥರಾಗಿದ್ದ ಆರುಮುಗ ನಾವಲರು ಯಾಳ್ಪಾಣದಲ್ಲಿ ಮಹಾಸಭೆಯನ್ನು ಕೂಡಿಸಿ, ಇಪ್ಪತ್ತೆಂಟು ವರ್ಷದ ರಾಮನಾಥನ್ನರೇ ಆ ಸ್ಥಾನಕ್ಕೆ ಯೋಗ್ಯರೆಂದು ಪ್ರತಿಪಾದಿಸಿದರು. ರಾಮನಾಥನ್ನರು ನೇಮಕವಾದರು. ಅದೇ ವರ್ಷದ ಡಿಸೆಂಬರದಲ್ಲಿ ನಾವಲರು ಶಿವಸಾಯುಜ್ಯವನ್ನು ಹೊಂದಿದರು. ಕೊನೆಯ ಉಸಿರಿನೊಳಗೆ ಆ ಹಿರಿಯರು ತಮ್ಮ ಸಮಾಜದ ಭಾರವನ್ನು ಒಬ್ಬ ತರುಣನ ಹೆಗಲ ಮೇಲಿಟ್ಟು ಹೋದಂತಾಯಿತು. ಆ ಭಾರದಲ್ಲಿ ವಿದ್ಯೆಯ ಪಾಲನ್ನು ಇಳಿಸುವ ಕಾಲವು ಬರಲು ಇನ್ನೂ 34 ವರ್ಷಗಳು ಬೇಕಾದವು.

1879ರಿಂದ 1892ರ ವರೆಗೆ ರಾಮನಾಥನ್ನರು ಶಾಸನಸಭೆಯಲ್ಲಿ ದುಡಿದರು. ತಮಿಳರ ಪ್ರತಿನಿಧಿಯೆಂದು ಕರೆಯಿಸಿಕೊಂಡರೂ ಅವರ ವಾದವು ತಮ್ಮ ಜನಕ್ಕೇ ಮೀಸಲಾಗಿರಲಿಲ್ಲ. ಬೌದ್ಧರಿಗೆ ಅತ್ಯಂತ ಪವಿತ್ರವಾದ ವೈಶಾಖ ಪೂರ್ಣಿಮೆಯಂದು ಸರಕಾರಿ ರಜೆಯಿರಲಿಲ್ಲ; ಬಹುಸಂಖ್ಯಾತ ಸಿಂಹಳರು ತಮ್ಮ ಹಬ್ಬದ ದಿನವೂ ಕಚೇರಿಗೆ ಹೋಗಬೇಕಾಗಿತ್ತು. ಈ ರಜೆಗಾಗಿ ವಾದಿಸಿದವರಲ್ಲಿ ಶೈವರಾದ ರಾಮನಾಥನ್ನರು ಮುಂದಾಳುಗಳು. 1885ರಲ್ಲಿ ಆ ರಜೆಯು ಮಂಜೂರಾಯಿತು. ತಮ್ಮ ಧರ್ಮದಲ್ಲಿ ನೆಲೆನಿಂತವನಿಗೆ ಪರಧರ್ಮದವರ ನೋವು ಅರ್ಥವಾಗುವುದೆಂಬುದಕ್ಕೆ ಇದು ಸಾಕ್ಷಿ. ಆದರೆ ಎಲ್ಲ ಸಂದರ್ಭಗಳಲ್ಲಿಯೂ ಅವರು ಇದೇ ಉದಾರತೆಯನ್ನು ತೋರಿದರೆಂದು ಹೇಳುವುದು ಸತ್ಯಕ್ಕೆ ಮೀರಿದ ಸ್ತುತಿಯಾದೀತು. 1888ರಲ್ಲಿ ಅವರು ರಾಯಲ್ ಏಷಿಯಾಟಿಕ್ ಸೊಸಾಯಿಟಿಯಲ್ಲಿ ಓದಿದ ಪ್ರಬಂಧದಲ್ಲಿ, ಸಿಂಹಳದ ಮುಸಲ್ಮಾನರು ಕುಲದಿಂದ ತಮಿಳರೇ ಎಂದು ವಾದಿಸಿದರು. ಮುಸಲ್ಮಾನರು ತಮಗೆ ಪ್ರತ್ಯೇಕ ಪ್ರತಿನಿಧಿಯು ಬೇಕೆಂದು ಕೇಳುತ್ತಿದ್ದ ಕಾಲವದು. ತಮ್ಮ ಅಸ್ತಿತ್ವವನ್ನೇ ಅಲ್ಲಗಳೆದರೆಂದು ಅವರು ಬಹಳ ನೊಂದುಕೊಂಡರು. 1889ರಲ್ಲಿ ಅವರಿಗೆ ಪ್ರತ್ಯೇಕ ಸ್ಥಾನವು ದೊರೆಯಿತಾದರೂ ಆ ನೋವು ಬಹುಕಾಲ ಮಾಯಲಿಲ್ಲ.

1892ರಲ್ಲಿ ಸರಕಾರವು ರಾಮನಾಥನ್ನರನ್ನು ಸಾಲಿಸಿಟರ್ ಜನರಲ್ ಪದವಿಗೆ ನೇಮಿಸಿತು. ಒಂದು ದಶಕಕ್ಕೂ ಹೆಚ್ಚು ಕಾಲ ಆ ಪದವಿಯಲ್ಲಿದ್ದು, ಅನೇಕ ಸಲ ಅಟಾರ್ನಿ ಜನರಲ್ಲರ ಕಾರ್ಯವನ್ನೂ ನಿರ್ವಹಿಸಿದರು. ಲೌಕಿಕ ದೃಷ್ಟಿಯಿಂದ ನೋಡಿದರೆ ಇನ್ನು ಪಡೆಯಬೇಕಾದುದೇನೂ ಇರಲಿಲ್ಲ. ಆದರೆ ಈ ವೈಭವದ ನಡುವೆಯೇ ಅವರ ಅಂತರಂಗವು ಬೇರೊಂದನ್ನು ಅರಸುತ್ತಿತ್ತು. ತಂಜಾವೂರಿನ ಅರುಳ್ ಪರಾನಂದ ಸ್ವಾಮಿಗಳ ದರ್ಶನವು ಅವರ ಬಾಳಿನ ಗತಿಯನ್ನು ಬದಲಿಸಿತು. ನ್ಯಾಯಾಸನಗಳ ಮುಂದೆ ತಲೆಯೆತ್ತಿ ವಾದಿಸುತ್ತಿದ್ದ ಆ ಪಂಡಿತರು ಗುರುಗಳ ಮುಂದೆ ಮೌನವಾಗಿ ಕುಳಿತು ಶೈವಾಗಮಗಳ ಮರ್ಮವನ್ನು ಕೇಳಿದರು, ಯೋಗಾಭ್ಯಾಸವನ್ನು ಮಾಡಿದರು. ಗುರುವಿನಿಂದ ದೊರೆತ ತಿಳಿವಳಿಕೆಯನ್ನು ಕ್ರೈಸ್ತರ ಗ್ರಂಥಗಳಿಗೂ ಅನ್ವಯಿಸಿ, ಮತ್ತಾಯ ಮತ್ತು ಯೋಹಾನರ ಸುವಾರ್ತೆಗಳಿಗೆ ಪರಾನಂದ ಎಂಬ ಅಂಕಿತದಿಂದ ಆಂಗ್ಲಭಾಷೆಯಲ್ಲಿ ವ್ಯಾಖ್ಯಾನಗಳನ್ನು ಬರೆದರು. ಪಾದ್ರಿಗಳ ಶಾಲೆಗಳೊಡನೆ ಸ್ಪರ್ಧಿಸಲಿದ್ದ ಮನುಷ್ಯನು ಪಾದ್ರಿಗಳ ಧರ್ಮಗ್ರಂಥವನ್ನು ಇಷ್ಟು ಆದರದಿಂದ ಓದಿದ್ದನೆಂಬುದು ಗಮನಿಸತಕ್ಕ ಸಂಗತಿ. ಅವರ ವಿರೋಧವು ಕ್ರೈಸ್ತಧರ್ಮದ ಮೇಲಿರಲಿಲ್ಲ. ಮಕ್ಕಳಿಗೆ ವಿದ್ಯೆಯ ಆಸೆಯನ್ನು ತೋರಿಸಿ ಮನೆಯ ಧರ್ಮವನ್ನು ಬಿಡಿಸುವ ಪದ್ಧತಿಯ ಮೇಲಿತ್ತು.

1905 ಮತ್ತು 1906ರಲ್ಲಿ ರಾಮನಾಥನ್ನರು ಅಮೇರಿಕದಲ್ಲಿ ಸಂಚರಿಸಿ ಆತ್ಮಸಂಸ್ಕಾರವನ್ನು ಕುರಿತು ಉಪನ್ಯಾಸಗಳನ್ನಿತ್ತರು. ಈ ಕಾರ್ಯದಲ್ಲಿ ಅವರಿಗೆ ಸಹಾಯಕರಾಗಿದ್ದ ಹ್ಯಾರಿಸನ್ ಎಂಬ ಪಾಶ್ಚಾತ್ಯ ವಿದುಷಿಯು ಶೈವಧರ್ಮವನ್ನು ಸ್ವೀಕರಿಸಿ, ಲೀಲಾವತಿ ಎಂಬ ಹೆಸರನ್ನು ತಳೆದು ಅವರ ದ್ವಿತೀಯ ಪತ್ನಿಯಾದರು. ಮುಂದೆ ಬಾಲಿಕೆಯರ ವಿದ್ಯಾಲಯದ ಪೋಷಣೆಯಲ್ಲಿ ಅವರ ಬಲಗೈಯಾದರು. ಸ್ವದೇಶಕ್ಕೆ ಮರಳಿದ ಬಳಿಕ ಅವರು ಮೊದಲು ಕೈಗೊಂಡುದು ಕೊಲಂಬೋ ನಗರದ ಕೊಚ್ಚಿಕಡೆಯಲ್ಲಿರುವ ಶಿವಾಲಯದ ಜೀರ್ಣೋದ್ಧಾರವನ್ನು. ತಂದೆಯು ಕಟ್ಟಿಸಿದ್ದ ಆ ಗುಡಿಯನ್ನು 1907ರಿಂದ 1912ರ ವರೆಗೆ ದಕ್ಷಿಣಭಾರತದ ಶಿಲ್ಪಿಗಳಿಂದ ಕರಿಕಲ್ಲಿನಲ್ಲಿ ಪುನಃ ನಿರ್ಮಿಸಿದರು. ಪೊನ್ನಂಬಲವಾಣೇಶ್ವರನ ಆ ಆಲಯವು ದ್ರಾವಿಡ ಶಿಲ್ಪದ ಸುಂದರ ಮಾದರಿಯಾಗಿ ಇಂದಿಗೂ ನಿಂತಿದೆ.

ಏತನ್ಮಧ್ಯೆ ರಾಜಕಾರಣವು ಅವರನ್ನು ಪುನಃ ಕರೆಯಿತು. 1910ರ ಸುಧಾರಣೆಗಳಿಂದ ವಿದ್ಯಾವಂತ ಸ್ವದೇಶೀಯರೆಲ್ಲರಿಗೂ ಸೇರಿ ಶಾಸನಸಭೆಯಲ್ಲಿ ಒಂದೇ ಒಂದು ಚುನಾಯಿತ ಸ್ಥಾನವು ದೊರೆಯಿತು. ಇಡೀ ದ್ವೀಪದಲ್ಲಿ ಮತದಾರರ ಸಂಖ್ಯೆಯು 3000ದ ಆಸುಪಾಸಿನಲ್ಲಿತ್ತು. ಮತದಾರರಲ್ಲಿ ಸಿಂಹಳರೇ ಅಧಿಕರು. ಆದಾಗ್ಯೂ 1911ರಲ್ಲಿ ನಡೆದ ಚುನಾವಣೆಯಲ್ಲಿ ತಮಿಳರಾದ ರಾಮನಾಥನ್ನರು ಸಿಂಹಳರಾದ ಡಾಕ್ಟರ್ ಮಾರ್ಕಸ್ ಫರ್ನಾಂಡೊ ಅವರನ್ನು ಸೋಲಿಸಿ ಗೆದ್ದರು. ಈ ಜಯಕ್ಕೆ ಅವರ ಯೋಗ್ಯತೆಯಂತೆಯೇ ಸಿಂಹಳರೊಳಗಿನ ಜಾತಿಭೇದವೂ ಕಾರಣವಾಗಿತ್ತೆಂದು ಇತಿಹಾಸಕಾರರು ಹೇಳುವರು. ಎದುರಾಳಿಯು ಬೇರೆ ಜಾತಿಯವನೆಂಬ ಕಾರಣದಿಂದ ಅನೇಕ ಸಿಂಹಳ ಶ್ರೀಮಂತರು ತಮಿಳನಿಗೆ ಮತವಿತ್ತರು. 1917ರಲ್ಲಿಯೂ ಅವರೇ ಪುನಃ ಆಯ್ಕೆಯಾದರು.

ನಾವಲರು ಬಿಟ್ಟುಹೋದ ಕಾರ್ಯಕ್ಕೆ ಕೈಹಚ್ಚುವ ಮುಹೂರ್ತವು ಬಂದುದು 1913ರಲ್ಲಿ. ಆ ವರ್ಷ ಯಾಳ್ಪಾಣದ ಮರುದನಾರ್ಮಠವೆಂಬ ಸ್ಥಳದಲ್ಲಿ ಬಾಲಿಕೆಯರಿಗಾಗಿ ರಾಮನಾಥನ್ ಕಾಲೇಜು ಪ್ರಾರಂಭವಾಯಿತು. ಮೊದಲು ಬಾಲಕರಿಗಾಗಿಯೇ ಶಾಲೆ ಕಟ್ಟಿಸುವುದು ಲೋಕರೂಢಿ. ರಾಮನಾಥನ್ನರು ಆ ಕ್ರಮವನ್ನು ತಿರುಗಿಸಿ ಬಾಲಿಕೆಯರಿಗೆ ಅಗ್ರಸ್ಥಾನವನ್ನು ಕೊಟ್ಟರು. ಇದರ ಕಾರಣವು ಸುಲಭವಾಗಿ ತಿಳಿಯುವಂತಹದು. ಬಾಲಕನಿಗೆ ನಾವಲರ ಶಾಲೆಯಿತ್ತು. 1890ರಲ್ಲಿ ಸ್ಥಾಪಿತವಾದ ಹಿಂದೂ ಕಾಲೇಜೂ ಇತ್ತು. ಬಾಲಿಕೆಯು ಓದಬೇಕೆಂದರೆ ಪಾದ್ರಿಗಳ ವಸತಿಶಾಲೆಯೊಂದೇ ಗತಿಯಾಗಿತ್ತು. ಮನೆಯಲ್ಲಿ ದೀಪ ಹಚ್ಚುವವಳೂ ಮಕ್ಕಳ ನಾಲಗೆಗೆ ಮೊದಲ ಸ್ತೋತ್ರವನ್ನು ಕಲಿಸುವವಳೂ ತಾಯಿಯೇ ಆಗಿರಲಾಗಿ, ಆಕೆಯ ವಿದ್ಯೆಯು ಆಕೆಯ ಧರ್ಮದಿಂದ ಬೇರೆಯಾದರೆ ಮುಂದಿನ ಪೀಳಿಗೆಯ ಗತಿಯೇನು? ಹೀಗೆ ಯೋಚಿಸಿದ ತಂದೆಗಳು ಹೆಣ್ಣುಮಕ್ಕಳನ್ನು ಶಾಲೆಗೆ ಕಳುಹಿಸದೆ ಮನೆಯಲ್ಲಿಯೇ ಇರಿಸಿಕೊಳ್ಳುತ್ತಿದ್ದರು. ರಾಮನಾಥನ್ನರು ಆ ತಂದೆಗಳನ್ನು ನಿಂದಿಸುತ್ತ ಕೂರಲಿಲ್ಲ. ಅವರ ಆಕ್ಷೇಪಣೆಗೆ ಎಡೆಯಿಲ್ಲದಂತಹ ಶಾಲೆಯನ್ನೇ ಕಟ್ಟಿಸಿ ತೋರಿಸಿದರು.

ವಿಶಾಲವಾದ ಬಯಲಿನಲ್ಲಿ ಪಾಠಮಂದಿರಗಳೂ ವಸತಿಗೃಹಗಳೂ ಎದ್ದವು. ಬಾಲಿಕೆಯರು ಅಲ್ಲಿಯೇ ವಾಸಿಸುತ್ತ, ನಿತ್ಯ ಪೂಜೆಯಲ್ಲಿ ಭಾಗವಹಿಸುತ್ತ, ಶಾಕಾಹಾರವನ್ನು ಸೇವಿಸುತ್ತ ವಿದ್ಯಾರ್ಜನೆ ಮಾಡಿದರು. ಆಂಗ್ಲಭಾಷೆಯನ್ನು ಕಲಿತರು, ತಮಿಳನ್ನೂ ಸಂಗೀತವನ್ನೂ ಬಿಡಲಿಲ್ಲ. ಕಟ್ಟಡದಿಂದ ಮೊದಲ್ಗೊಂಡು ದಿನಚರಿಯ ವರೆಗೆ ಪ್ರತಿಯೊಂದನ್ನೂ ರಾಮನಾಥನ್ನರು ಖುದ್ದಾಗಿ ವಿಚಾರಿಸುತ್ತಿದ್ದರು. ಪಾಠಕ್ಕೆ ತಕ್ಕ ಪುಸ್ತಕಗಳಿಲ್ಲವೆಂದು ಕಂಡಾಗ ತಮಿಳಿನಲ್ಲಿ ವಾಚನಪಾಠಗಳನ್ನೂ ವ್ಯಾಕರಣವನ್ನೂ ತಾವೇ ಬರೆದರು. ಭಗವದ್ಗೀತೆಗೆ ತಮಿಳು ವ್ಯಾಖ್ಯಾನವನ್ನೂ ರಚಿಸಿದರು. ದೊಡ್ಡ ದೊಡ್ಡ ವ್ಯಾಜ್ಯಗಳನ್ನು ನಡೆಯಿಸಿದ ಲೇಖನಿಯು ಎಳೆಯ ಬಾಲಿಕೆಯರ ಪಾಠವನ್ನು ಬರೆಯಲು ಹಿಂಜರಿಯಲಿಲ್ಲ.

ವಿದ್ಯಾಲಯವು ನಡೆಯತೊಡಗಿ ಎರಡು ವರ್ಷಗಳಾಗಿರುವಷ್ಟರಲ್ಲಿ ದ್ವೀಪಕ್ಕೆ ಘೋರವಾದ ವಿಪತ್ತು ಒದಗಿತು. 1915ನೆಯ ಮೇ ತಿಂಗಳ ಕೊನೆಯಲ್ಲಿ ವೈಶಾಖ ಪೂರ್ಣಿಮೆಯ ರಾತ್ರಿ, ಕ್ಯಾಂಡಿ ನಗರದಲ್ಲಿ ಮೆರವಣಿಗೆಯ ನಿಮಿತ್ತವಾಗಿ ಸಿಂಹಳರಿಗೂ ಮುಸಲ್ಮಾನರಿಗೂ ಕಲಹವುಂಟಾಗಿ, ಅದು ಅನೇಕ ಪ್ರಾಂತಗಳಿಗೆ ಹಬ್ಬಿತು. ಮುಸಲ್ಮಾನರ ಅಂಗಡಿಗಳು ಸುಲಿಗೆಗೊಂಡವು, ಪ್ರಾಣಹಾನಿಯೂ ಆಯಿತು. ಯೂರೋಪಿನಲ್ಲಿ ಮಹಾಯುದ್ಧವು ನಡೆಯುತ್ತಿದ್ದ ಕಾಲವಾದುದರಿಂದ, ಇದು ರಾಜದ್ರೋಹವಿರಬೇಕೆಂದು ಗವರ್ನರ್ ಸರ್ ರಾಬರ್ಟ್ ಚಾಮರ್ಸರ ಸರಕಾರವು ಶಂಕಿಸಿ ಸೈನಿಕಶಾಸನವನ್ನು ಸಾರಿತು. ಗಲಭೆಯು ಕೆಲವೇ ದಿನಗಳಲ್ಲಿ ಅಡಗಿದರೂ ಸೈನಿಕಶಾಸನವು ಆಗಸ್ಟ್ ತಿಂಗಳಿನ ವರೆಗೆ ನಡೆಯಿತು. ವಿಚಾರಣೆಯಿಲ್ಲದೆ ಜನರನ್ನು ಗುಂಡಿಕ್ಕಿ ಕೊಂದರು. ಹೆನ್ರಿ ಪೇದ್ರಿಸ್ ಎಂಬ ತರುಣ ಸಿಂಹಳ ವರ್ತಕನಿಗೆ ಜುಲೈ ತಿಂಗಳಲ್ಲಿ ಮರಣದಂಡನೆಯಾಯಿತು. ಮದ್ಯಪಾನನಿಷೇಧದ ಚಳವಳಿಯಲ್ಲಿದ್ದ ಸಿಂಹಳ ಮುಖಂಡರನ್ನು ಸೆರೆಯಲ್ಲಿಟ್ಟರು. 1947ರಲ್ಲಿ ಸಿಂಹಳದ ಪ್ರಥಮ ಪ್ರಧಾನಿಯಾದ ಡಿ. ಎಸ್. ಸೇನಾನಾಯಕರೂ ಅವರಲ್ಲೊಬ್ಬರು.

ಬಾಯಿ ತೆರೆಯುವುದೇ ಅಪರಾಧವೆನಿಸಿದ್ದ ಆ ಸಮಯದಲ್ಲಿ ಅರುವತ್ತನಾಲ್ಕು ವರ್ಷದ ರಾಮನಾಥನ್ನರು ಶಾಸನಸಭೆಯಲ್ಲಿ ಎದ್ದುನಿಂತು, ಅಧಿಕಾರಿಗಳ ಅತ್ಯಾಚಾರಗಳನ್ನು ಒಂದೊಂದಾಗಿ ಬಿಡಿಸಿ ಹೇಳಿದರು. ಅಷ್ಟಕ್ಕೆ ತೃಪ್ತರಾಗದೆ, ಜರ್ಮನರ ಜಲಾಂತರ್ಗಾಮಿ ನೌಕೆಗಳು ಹಡಗುಗಳನ್ನು ಮುಳುಗಿಸುತ್ತಿದ್ದ ಕಡಲನ್ನು ದಾಟಿ ಲಂಡನ್ನಿಗೆ ಹೋಗಿ, ಚಕ್ರವರ್ತಿಯ ಸರಕಾರದ ಮುಂದೆ ಸಿಂಹಳರ ಪಕ್ಷವನ್ನು ಮಂಡಿಸಿದರು. ಗಲಭೆಗಳನ್ನೂ ಸೈನಿಕಶಾಸನವನ್ನೂ ಕುರಿತು ಅವರು ಬರೆದ ಗ್ರಂಥವು 1916ರಲ್ಲಿ ಅಲ್ಲಿಯೇ ಪ್ರಕಟವಾಯಿತು. ಚಾಮರ್ಸರು ಹಿಂದಕ್ಕೆ ಕರೆಯಲ್ಪಟ್ಟು, ಅವರ ಸ್ಥಾನಕ್ಕೆ ಸರ್ ಜಾನ್ ಆಂಡರ್ಸನ್ನರು ಬಂದರು. ರಾಮನಾಥನ್ನರು ಕೊಲಂಬೋ ರೇವಿನಲ್ಲಿ ಇಳಿದಾಗ ಸಿಂಹಳ ಮುಖಂಡರು ಅವರ ಸಾರೋಟಿನ ಕುದುರೆಗಳನ್ನು ಬಿಚ್ಚಿ, ತಾವೇ ನೊಗಕ್ಕೆ ಕೈಕೊಟ್ಟು ಅವರ ಮನೆಯ ವರೆಗೆ ಎಳೆದುಕೊಂಡು ಹೋದರು. ಪರರಿಗಾಗಿ ದುಡಿದವರಿಗೆ ಸಲ್ಲತಕ್ಕ ಗೌರವವೇ ಅದು. ಆದರೂ ಗಲಭೆಯಲ್ಲಿ ಮೊದಲು ಪೆಟ್ಟು ತಿಂದವರು ಮುಸಲ್ಮಾನರೆಂಬುದಕ್ಕೆ ಅವರ ವಾದದಲ್ಲಿ ತಕ್ಕ ಸ್ಥಾನವು ದೊರೆಯಲಿಲ್ಲ. ಹಿಂದಿನ ನೋವು ಮಾಯದ ಆ ಸಮಾಜಕ್ಕೆ ಇದು ಇನ್ನೊಂದು ನೋವಾಯಿತು.

1921ರಲ್ಲಿ ಸರಕಾರವು ರಾಮನಾಥನ್ನರಿಗೆ ಸರ್ ಪದವಿಯನ್ನಿತ್ತಿತು. ಅದೇ ವರ್ಷ ಯಾಳ್ಪಾಣದ ತಿರುನೆಲ್ವೇಲಿಯಲ್ಲಿ ಬಾಲಕರಿಗಾಗಿ ಪರಮೇಶ್ವರ ಕಾಲೇಜನ್ನು ಅವರು ಸ್ಥಾಪಿಸಿದರು. ಆ ಆವರಣದೊಳಗೆ ಪಾರ್ವತೀಪರಮೇಶ್ವರರ ಆಲಯವನ್ನೂ ಕಟ್ಟಿಸಿದರು. ಎರಡು ವಿದ್ಯಾಲಯಗಳಿಂದ ಪಟ್ಟಣದ ಸುತ್ತಲಿನವರಿಗೆ ಅನುಕೂಲವಾಯಿತೇ ಹೊರತು ಹಳ್ಳಿಗಾಡಿನ ಬಡವರ ಮಕ್ಕಳಿಗೆ ಪ್ರಾಥಮಿಕ ವಿದ್ಯೆಯ ಸೌಕರ್ಯವು ಸಾಲದಾಗಿತ್ತು. ಈ ಕೊರತೆಯನ್ನು ನೀಗಿಸಲು 1923ರಲ್ಲಿ ಶೈವ ವಿದ್ಯಾಭಿವೃದ್ಧಿ ಸಂಘವು ಹುಟ್ಟಿತು. ರಾಮನಾಥನ್ನರು ಅದರ ಅಧ್ಯಕ್ಷರಾದರು. ಕಾರ್ಯದರ್ಶಿಗಳಾದ ರಾಜರತ್ನಂ ಅವರು ಊರೂರು ತಿರುಗಿ ಶಾಲೆಗಳನ್ನು ತೆರೆಯಿಸಿದರು. ನಾವಲರ ಒಂದು ಶಾಲೆಯಿಂದ ಮೊದಲಾದ ಕಾರ್ಯವು ಹೀಗೆ ಮುಕ್ಕಾಲು ಶತಮಾನದ ಬಳಿಕ ಹಳ್ಳಿಹಳ್ಳಿಗೆ ಮುಟ್ಟಿತು.

ಇಷ್ಟು ಬೆಳಕನ್ನು ಹಂಚಿದ ಮಹನೀಯರ ಕೊನೆಯ ರಾಜಕೀಯ ಹೋರಾಟವು ಅಭಿಮಾನಿಗಳಿಗೂ ಕಷ್ಟದ ವಿಷಯವಾಗಿದೆ. 1927ರಲ್ಲಿ ಡೊನೊಮೋರ್ ಪ್ರಭುವಿನ ನೇತೃತ್ವದಲ್ಲಿ ಬಂದ ಆಯೋಗವು, ಸ್ತ್ರೀಪುರುಷರಿಬ್ಬರಿಗೂ ಮತದಾನದ ಹಕ್ಕನ್ನು ಕೊಡಬೇಕೆಂದೂ, ಜನಾಂಗವಾರು ಪ್ರಾತಿನಿಧ್ಯವನ್ನು ತೆಗೆದುಹಾಕಬೇಕೆಂದೂ 1928ರಲ್ಲಿ ಸೂಚಿಸಿತು. ರಾಮನಾಥನ್ನರು ಎರಡನ್ನೂ ವಿರೋಧಿಸಿದರು. ಅಲ್ಪಸಂಖ್ಯಾತರಾದ ತಮಿಳರಿಗೆ ರಕ್ಷಣೆಯಿಲ್ಲದಂತಾಗುವುದೆಂಬ ಅವರ ಭಯವು ನಿರಾಧಾರವಾದುದಲ್ಲವೆಂದು ಮುಂದಿನ ಇತಿಹಾಸವು ತೋರಿಸಿತು. 1956ರಲ್ಲಿ ಸಿಂಹಳ ಭಾಷೆಯೊಂದೇ ರಾಜಭಾಷೆಯೆಂಬ ಶಾಸನವು ಬಂದಿತು; 1983ರಿಂದ 2009ರ ವರೆಗೆ ದ್ವೀಪವು ಅಂತರ್ಯುದ್ಧದಲ್ಲಿ ಬೆಂದಿತು. ಆದರೆ ಕೆಳಗಿನ ಜಾತಿಗಳವರಿಗೂ ಸ್ತ್ರೀಯರಿಗೂ ಮತವು ಸಲ್ಲದೆಂಬ ಅವರ ವಾದವನ್ನು ಸಮರ್ಥಿಸುವಂತಿಲ್ಲ. ಹೆಣ್ಣುಮಕ್ಕಳಿಗೆ ವಿದ್ಯಾಲಯದ ಬಾಗಿಲನ್ನು ತೆರೆದ ಕೈಯೇ ಶಾಸನಸಭೆಯ ಬಾಗಿಲನ್ನು ಮುಚ್ಚಲು ಯತ್ನಿಸಿತು. ಹುಟ್ಟಿನಿಂದ ಬಂದ ಮೇಲ್ಮೆಯೇ ಯೋಗ್ಯತೆಯೆಂಬ ಹಳೆಯ ಭಾವನೆಯನ್ನು ಅಷ್ಟು ಗ್ರಂಥಗಳ ಓದಾಗಲಿ ಗುರುಸೇವೆಯಾಗಲಿ ಅವರ ಮನಸ್ಸಿನಿಂದ ಪೂರ್ತಿಯಾಗಿ ಅಳಿಸಲಿಲ್ಲ. 1924ರಲ್ಲಿ ಹುಟ್ಟಿದ ಯಾಳ್ಪಾಣದ ತರುಣರ ಕಾಂಗ್ರೆಸ್ಸು ಜಾತಿಭೇದವನ್ನು ಖಂಡಿಸುತ್ತಿದ್ದಾಗ, ವೃದ್ಧ ನಾಯಕರು ಆ ಹೊಸ ಧ್ವನಿಗೆ ಕಿವಿಗೊಡಲಾರದೆ ಹೋದರು.

1929ರ ಡಿಸೆಂಬರದಲ್ಲಿ ಶಾಸನಸಭೆಯು ಆಯೋಗದ ಸೂಚನೆಗಳನ್ನು 17ಕ್ಕೆ ವಿರೋಧವಾಗಿ 19 ಮತಗಳಿಂದ ಅಂಗೀಕರಿಸಿತು. ರಾಮನಾಥನ್ನರು ಸೋತರೂ ಸುಮ್ಮನಾಗಲಿಲ್ಲ. ಸುಮಾರು ಎಂಭತ್ತರ ವಯಸ್ಸಿನಲ್ಲಿ 1930ರಲ್ಲಿ ಮತ್ತೊಮ್ಮೆ ಲಂಡನ್ನಿಗೆ ಹೋಗಿ ತಮ್ಮ ಆಕ್ಷೇಪಣೆಗಳನ್ನು ಲಿಖಿತರೂಪದಿಂದ ಸಲ್ಲಿಸಿದರು. ಆ ಪ್ರಯತ್ನವು ಫಲಿಸಲಿಲ್ಲ. ಅದೇ ವರ್ಷದ ನವೆಂಬರ್ ತಿಂಗಳಲ್ಲಿ ಅವರು ಕೊಲಂಬೋ ನಗರದಲ್ಲಿ ದೇಹವನ್ನು ಬಿಟ್ಟರು. ಅವರ ಸಮಾಧಿಯು ಮರುದನಾರ್ಮಠದ ಬಾಲಿಕೆಯರ ವಿದ್ಯಾಲಯದ ಆವರಣದಲ್ಲಿದೆ.

ಅವರು ತೀರಿಕೊಂಡ ಮರುವರ್ಷವೇ, 1931ರಲ್ಲಿ, ಸಿಂಹಳದ ಸ್ತ್ರೀಪುರುಷರು ಭೇದವಿಲ್ಲದೆ ಮತವಿತ್ತರು. ಪೂರ್ಣ ಸ್ವರಾಜ್ಯವು ದೊರೆಯಲಿಲ್ಲವೆಂದು ಯಾಳ್ಪಾಣದ ತರುಣರು ಆ ಚುನಾವಣೆಯನ್ನು ಬಹಿಷ್ಕರಿಸಿದ್ದರಿಂದ ಉತ್ತರದ ನಾಲ್ಕು ಸ್ಥಾನಗಳ ಚುನಾವಣೆಯು 1934ರಲ್ಲಿ ನಡೆಯಿತು. ಆ ನಾಡಿನ ಸ್ತ್ರೀಯರು ಆಗ ಮತಪೆಟ್ಟಿಗೆಯ ಬಳಿಗೆ ಬಂದರು. ರಾಮನಾಥನ್ ಕಾಲೇಜು ತೆರೆದು ಅಷ್ಟರಲ್ಲಿ 21 ವರ್ಷಗಳಾಗಿದ್ದವು. ಅದರ ಮೊದಮೊದಲ ವಿದ್ಯಾರ್ಥಿನಿಯರು ಮತದಾನದ ವಯಸ್ಸನ್ನು ಮೀರಿದ್ದರು. ಸ್ಥಾಪಕರು ಬೇಡವೆಂದ ಹಕ್ಕನ್ನು ಸ್ಥಾಪಕರೇ ಕಲಿಸಿದ ವಿದ್ಯೆಯು ಯೋಗ್ಯತೆಯಿಂದ ಬಳಸುವಂತೆ ಮಾಡಿತು. ದಾನಿಯ ಮನಸ್ಸಿಗೆ ಎಲ್ಲೆಯಿದ್ದೀತು. ವಿದ್ಯೆಗೆ ಆ ಎಲ್ಲೆಯ ಕಟ್ಟಿಲ್ಲ.

ಪರಮೇಶ್ವರ ಕಾಲೇಜಿನ ಕಥೆಯೂ ಇದೇ ಬಗೆಯದು. 1974ರಲ್ಲಿ ಅದರ ಕಟ್ಟಡಗಳಲ್ಲಿ ವಿಶ್ವವಿದ್ಯಾಲಯದ ಯಾಳ್ಪಾಣ ಶಾಖೆಯು ತೆರೆಯಿತು. 1979ರಲ್ಲಿ ಅದು ಸ್ವತಂತ್ರ ವಿಶ್ವವಿದ್ಯಾಲಯವಾಯಿತು. ರಾಮನಾಥನ್ನರು ತಮ್ಮವರಿಗಾಗಿ ಕಟ್ಟಿಸಿದ ಆವರಣದಲ್ಲಿ ಇಂದು ಸಕಲ ಜಾತಿಗಳ, ಅನೇಕ ಮತಗಳ ಯುವಕಯುವತಿಯರು ಓದುತ್ತಿರುವರು. ನಡುವೆ ಅವರು ಕಟ್ಟಿಸಿದ ಪರಮೇಶ್ವರನ ಆಲಯವೂ ನಿಂತಿದೆ. ಮರುದನಾರ್ಮಠದಲ್ಲಿ ಅವರ ಹೆಸರಿನ ಸಂಗೀತಾದಿ ಕಲೆಗಳ ಶಾಲೆಯೂ ಅದೇ ವಿಶ್ವವಿದ್ಯಾಲಯದ ಅಂಗವಾಗಿದೆ. ದಕ್ಷಿಣದ ಪೇರಾದೆನಿಯ ವಿಶ್ವವಿದ್ಯಾಲಯದಲ್ಲಿ ಅಣ್ಣತಮ್ಮಂದಿರಾದ ರಾಮನಾಥನ್ ಮತ್ತು ಅರುಣಾಚಲಂ ಅವರ ಹೆಸರಿನ ವಸತಿಗೃಹಗಳಿವೆ.

ಮಹಾಪುರುಷರ ಚರಿತ್ರೆಯನ್ನು ಓದುವಾಗ ಗುಣಗಳನ್ನಷ್ಟೇ ಎತ್ತಿ ಹಾಡಿ ದೋಷಗಳನ್ನು ಮುಚ್ಚುವುದು ಭಕ್ತಿಯಲ್ಲ. ದೋಷಗಳನ್ನೇ ಎಣಿಸಿ ಉಪಕಾರವನ್ನು ಮರೆಯುವುದು ನ್ಯಾಯವಲ್ಲ. ರಾಮನಾಥನ್ನರು ನೆರೆಯ ಸಮಾಜದ ಕಷ್ಟಕ್ಕಾಗಿ ಪ್ರಾಣವನ್ನು ಒಡ್ಡಿ ಕಡಲನ್ನು ದಾಟಿದರು. ಮಗುವಿನ ವಿಭೂತಿಗೂ ಪುಸ್ತಕಕ್ಕೂ ಇದ್ದ ಜಗಳವನ್ನು ಬಿಡಿಸಿದರು. ಬಡ ಹಳ್ಳಿಗಳಿಗೆ ಅಕ್ಷರವನ್ನು ಕಳುಹಿಸಿದರು. ತಮ್ಮ ಕಾಲದ ಜಾತ್ಯಭಿಮಾನವನ್ನು ಮಾತ್ರ ಗೆಲ್ಲಲಾರದೆ ಹೋದರು. ಆದರೆ ಅವರು ಕೊಟ್ಟ ವಿದ್ಯೆಯು ಅದನ್ನೂ ಗೆಲ್ಲುವ ದಾರಿಯಲ್ಲಿ ನಡೆಯುತ್ತಿದೆ. ಒಂದು ಪಾಠಶಾಲೆಗೆ, ಒಂದು ವಿದ್ಯಾರ್ಥಿನಿಲಯಕ್ಕೆ ಯಥಾಶಕ್ತಿ ನೆರವಾಗುವ ಪ್ರತಿಯೊಬ್ಬ ಭಕ್ತನೂ ಈ ಚರಿತ್ರೆಯಿಂದ ತಿಳಿಯಬೇಕಾದುದು ಇದನ್ನೇ. ಕೊಡುವವನ ಅಳತೆಗೆ ಕೊಟ್ಟ ವಿದ್ಯೆಯು ನಿಲ್ಲದು. ಅದು ಪಡೆದವರ ಬಾಳಿನಲ್ಲಿ ಬೆಳೆದು, ಕೊಟ್ಟವನ ಕೊರತೆಯನ್ನೂ ತುಂಬಿಕೊಡುವುದು.